ಕಡವೆಗೆ ಬಡಿಸಿದ ಉಪ್ಪು

ಮಲಯ ದೇಶದ ಪುಚೊಂಗಿನಲ್ಲಿರುವ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ, ಉಪ್ಪಿನ ಪಿಂಗಾಣಿ ಜಾಡಿಗೆ ಒರಗಿಕೊಂಡು, ಮುಷ್ಟಿಗಾತ್ರದ ಒಂದು ಕೆಂಪು ಕಲ್ಲು ಕೂತಿದೆ. ಅದರ ಒಂದು ಮಗ್ಗುಲು ಸವೆದು ಸೌಟಿನಂತೆ ತಗ್ಗಾಗಿದೆ. ಮನೆಗೆ ಬಂದವರಲ್ಲಿ ಕೆಲವರು ಅದನ್ನು ಯಾವುದೋ ಕ್ಷೇತ್ರದ ಶಿಲೆಯೆಂದು ಬಗೆದು ಕೈಮುಗಿದದ್ದುಂಟು. ಹಿಮ್ಮಡಿ ಉಜ್ಜುವ ಕಲ್ಲನ್ನು ಅಡುಗೆಮನೆಯಲ್ಲಿಡುವ ನಮ್ಮ ಸಂಸ್ಕಾರಕ್ಕೆ ಮೂಗು ಮುರಿದವರೂ ಉಂಟು. ನಿಜಕ್ಕೂ ಅದು ಉಪ್ಪು, ಆ ತಗ್ಗು ಒಂದು ಕಡವೆಯ ನಾಲಿಗೆ ಕೊರೆದದ್ದು. ಮಡಿ ಮೈಲಿಗೆಗಳ ಮನೆಗೆ ಕಾಡುಪ್ರಾಣಿಯ ಎಂಜಲು ಹೇಗೆ ಬಂತು ಎಂದು ಹುಬ್ಬೇರಿಸಬೇಡಿ, ಸ್ವಲ್ಪ ತಾಳಿ, ಆ ಕಥೆಯನ್ನೇ ಹೇಳಲು ಹೊರಟಿದ್ದೇನೆ.

ಏಕಾದಶಿಯ ಫಲಾಹಾರಕ್ಕೆ ಅರ್ಧ ಕಿಲೋ ಸೈಂಧವ ಲವಣ ತರಿಸೆಂದು ನನ್ನ ಹೆಂಡತಿ ಸುಮಾ ಹೇಳಿದ್ದಳು. ನಾನು ಸಾಫ್ಟ್‌ವೇರ್ ಪರೀಕ್ಷಕ, ಅಂದರೆ ಬೇರೆಯವರ ತಪ್ಪುಗಳನ್ನು ಹುಡುಕಿ ಸಂಬಳ ಪಡೆಯುವವನು. ಸ್ವಂತ ತಪ್ಪುಗಳ ವಿಷಯದಲ್ಲಿ ನನಗೆ ಅಂಥ ಪರಿಣತಿಯೇನೂ ಇಲ್ಲ. ಫೋನಿನಲ್ಲಿ ಕಂಡ ಉಪ್ಪುಗಳಲ್ಲೆಲ್ಲ ಅತಿ ಹೆಚ್ಚು ನಕ್ಷತ್ರಗಳನ್ನು ಹೊತ್ತಿದ್ದುದನ್ನು ಆರಿಸಿ ಒತ್ತಿದೆ. ಶುಕ್ರವಾರ ಬೆಳಿಗ್ಗೆ ಬಾಗಿಲಿಗೆ ಬಂದದ್ದು ಐದು ಕಿಲೋ ತೂಕದ ಇಟ್ಟಿಗೆ, ನಡುವೆ ತೂತು, ತೂತಿಗೆ ಹಗ್ಗ. ಹೊದಿಕೆಯ ಮೇಲೆ ಕಣ್ಣುಮುಚ್ಚಿ ನಾಲಿಗೆ ಚಾಚಿದ ಕೊಂಬಿನ ಜಿಂಕೆಯಿತ್ತು. ಬೆಂಕಿಪೊಟ್ಟಣದ ಮೇಲೆ ನವಿಲಿನ ಚಿತ್ರವಿದ್ದ ಮಾತ್ರಕ್ಕೆ ಅದೇನು ನವಿಲು ಬಳಸುವ ಬೆಂಕಿಯೇ ಎಂದು ನಾನು ಜಿಂಕೆಯನ್ನು ಕಡೆಗಣಿಸಿದೆ. ಚಿಕ್ಕ ಅಕ್ಷರಗಳನ್ನು ಓದಿದವಳು ಮಗಳು ಅನಘಾ. ಹದಿಮೂರರ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಅಪ್ಪಾ, ದಿಸ್ ಈಸ್ ಫಾರ್ ಡಿಯರ್,” ಎಂದಳು, ಮತ್ತೆ ತನ್ನ ಫೋನಿಗೆ ಮರಳಿದಳು. ಆ ವಾರ ಅವಳು ನನ್ನೊಂದಿಗೆ ಆಡಿದ ಅತ್ಯಂತ ದೀರ್ಘವಾದ ವಾಕ್ಯ ಅದಾಗಿತ್ತು.

ಹಿಂದಿರುಗಿಸೋಣವೆಂದರೆ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದ ನಮ್ಮ ಅತ್ತೆಯವರು ಅಡ್ಡ ಬಂದರು. ಶುಕ್ರವಾರ ಹೊಸಿಲು ದಾಟಿದ ಉಪ್ಪು ಸಾಕ್ಷಾತ್ ಲಕ್ಷ್ಮಿ, ಅದನ್ನು ಹೊರಗೆ ಹಾಕುವ ಹಾಗಿಲ್ಲ, ಬಿಸಾಡುವ ಹಾಗಿಲ್ಲ, ತುಳಿಯುವ ಕಡೆ ಚೆಲ್ಲುವ ಹಾಗಿಲ್ಲ, ಯಾರ ಕೈಗೂ ನೇರವಾಗಿ ಕೊಡುವ ಹಾಗಿಲ್ಲ. ಪಶುಗಳ ಉಪ್ಪನ್ನು ನಾವು ತಿನ್ನುವ ಹಾಗೂ ಇಲ್ಲ. ಇಷ್ಟೆಲ್ಲ ‘ಇಲ್ಲ’ಗಳ ನಡುವೆ ಉಳಿದದ್ದು ಒಂದೇ ದಾರಿ, ಯಾರಿಗಾಗಿ ಬಂದಿದೆಯೋ ಅವರಿಗೇ ಬಡಿಸುವುದು. ಅಲ್ಲಿಯವರೆಗೆ ಆ ಇಟ್ಟಿಗೆ ದೇವರ ಗೂಡಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

ಕಡವೆಯ ವಿಳಾಸ ಗೊತ್ತಿದ್ದವನು ಅಲೋಶಿಯಸ್. ಮಂಗಳೂರಿನವನು, ಪಕ್ಕದೂರು ಸುಬಾಂಗ್ ಜಯಾದ ವಿಮಾ ಕಚೇರಿಯೊಂದರಲ್ಲಿ ಕೆಲಸ, ನನಗೆ ಹತ್ತು ವರ್ಷದ ಗೆಳೆಯ. ಅವನ ಅಜ್ಜ ಬೇಟೆಗಾರನಂತೆ, ಅಪ್ಪ ಬೇಟೆಯ ಕಥೆಗಾರನಂತೆ, ಇವನ ಪಾಲಿಗೆ ಬಂದದ್ದು ಬೇಟೆಗಾರನ ಟೋಪಿ ಮಾತ್ರ. ಕೋವಿಯಿಲ್ಲ, ಪರವಾನಗಿಯಿಲ್ಲ, ಜಿರಲೆ ಕಂಡರೆ ಕುರ್ಚಿ ಹತ್ತುತ್ತಾನೆ. ಆದರೆ ಬೇಟೆಯೆಂದರೆ ನೂರಕ್ಕೆ ತೊಂಬತ್ತು ಪಾಲು ಕಾಯುವುದು, ಆ ತೊಂಬತ್ತು ಪಾಲನ್ನು ತಾನು ಮಾಡಬಲ್ಲೆ ಎಂಬುದು ಅವನ ವಾದ. ಉಪ್ಪಿನ ವಿದ್ಯೆಯನ್ನು ನನಗೆ ಕಲಿಸಿದವನೂ ಅವನೇ. ಮಳೆಕಾಡಿನ ಸೊಪ್ಪಿನಲ್ಲಿ ಉಪ್ಪಿನಂಶ ಕಡಿಮೆ. ಆದ್ದರಿಂದ ನೆಲದಲ್ಲಿ ಉಪ್ಪು ಒಸರುವ ಕಡೆಗಳನ್ನು ಹುಡುಕಿಕೊಂಡು ಕಡವೆಗಳು ಮೈಲಿಗಟ್ಟಲೆ ನಡೆದು ಬರುತ್ತವೆ. ಬೇಟೆಗಾರರು ಅಂಥ ಜಾಗವನ್ನು ತಾವೇ ನಿರ್ಮಿಸಿ, ಎದುರಿಗೆ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಕೂರುತ್ತಾರೆ.

ಹೀಗೆ ನಮ್ಮ ಲಕ್ಷ್ಮಿ ಪಹಾಂಗ್ ರಾಜ್ಯದ ಕಾಡಂಚಿಗೆ, ಅಲೋಶಿಯ ಪರಿಚಯದ ಸೇಗರ್ ಎಂಬ ತಮಿಳರ ದುರಿಯನ್ ಹಣ್ಣಿನ ತೋಟಕ್ಕೆ ಪ್ರಯಾಣ ಮಾಡಿದಳು. ತೋಟದ ತುದಿಯಲ್ಲಿ, ಹಳ್ಳದ ಪಕ್ಕ, ಬಿದ್ದ ಮರದ ದಿಮ್ಮಿಯ ಮೇಲೆ ನಾನೇ ಕೈಯಾರೆ ಉಪ್ಪನ್ನಿಟ್ಟೆ. ಅಭ್ಯಾಸಬಲ ನೋಡಿ, ದಿಮ್ಮಿಯ ಎಡತುದಿಯಲ್ಲೇ ಇಟ್ಟಿದ್ದೆ, ಬಾಳೆಯೆಲೆಯಲ್ಲಿ ಉಪ್ಪಿಡುವ ಜಾಗದಲ್ಲಿ. ಪ್ರಾಣಿ ಸುಳಿದರೆ ಫೋನಿಗೆ ಚಿತ್ರ ಕಳಿಸುವ ಕ್ಯಾಮೆರಾವನ್ನು ಅಲೋಶಿ ಎದುರಿನ ಮರಕ್ಕೆ ಕಟ್ಟಿದ.

ಎಂಟು ದಿನ ಬರೀ ಮಳೆ. ಒಂಬತ್ತನೆಯ ಸಂಜೆ ಬಂದಳು ನೋಡಿ, ಹರಿದ ಎಡಗಿವಿಯ ಹೆಣ್ಣು ಕಡವೆ. ಇಟ್ಟಿಗೆಯನ್ನು ನೆಕ್ಕಿದಳು, ಮಳೆಗೆ ಕರಗಿ ಉಪ್ಪಿಳಿದ ಮಣ್ಣನ್ನೂ ತಿಂದಳು, ಮರುದಿನ ಮತ್ತೆ ಬಂದಳು. ಆ ಚಿತ್ರಗಳು ನಮ್ಮ ಮನೆಯ ಧಾರಾವಾಹಿಯಾದವು. ಅನಘಾ ಅವಳಿಗೆ ಆಂಟಿ ಎಂದು ಹೆಸರಿಟ್ಟಳು. ಶಾಲೆಯಿಂದ ಬಂದವಳೇ ಚೀಲವನ್ನೂ ಇಳಿಸದೆ, “ಅಪ್ಪಾ, ಡಿಡ್ ಆಂಟಿ ಕಮ್?” ಎಂದು ನನ್ನ ಪಕ್ಕ ಕೂರುತ್ತಿದ್ದಳು. ಎರಡು ವರ್ಷದಿಂದ ಕೋಣೆಯ ಬಾಗಿಲು ಹಾಕಿಕೊಂಡಿದ್ದ ಮಗಳು ಉಪ್ಪಿನ ವಾಸನೆಗೆ ಹೊರಬಂದಿದ್ದಳು. ಅತ್ತೆಯವರು ಕಡವೆಯ ಹೊಟ್ಟೆಯನ್ನು ದಿಟ್ಟಿಸಿ, ಬಸುರಿ ಇರಬೇಕು, ಅದಕ್ಕೇ ಉಪ್ಪಿನ ಬಯಕೆ ಎಂದು ತೀರ್ಪಿತ್ತರು.

ನಾಲ್ಕನೆಯ ವಾರ ಸೇಗರ್ ಫೋನು ಮಾಡಿದರು. “ಬ್ರದರ್, ಸಾಟರ್ಡೇ ಈವ್ನಿಂಗ್ ವಾಂಗ ಲಾ. ರೂಸಾ ಕರಿ ಮಕಾನ್.” ವಾಂಗ ಎಂದರೆ ತಮಿಳಿನಲ್ಲಿ ಬನ್ನಿ, ರೂಸಾ ಎಂದರೆ ಮಲಯ ಭಾಷೆಯಲ್ಲಿ ಕಡವೆ, ಮಕಾನ್ ಎಂದರೆ ಊಟ. ಅವರಲ್ಲಿ ಹಂದಿ ಓಡಿಸಲೆಂದು ಪರವಾನಗಿ ಪಡೆದ ಕೋವಿಯಿತ್ತು, ನಮ್ಮ ಉಪ್ಪಿನೆದುರು ಮರದ ಮೇಲೆ ಅಟ್ಟಣೆಯನ್ನೂ ಕಟ್ಟಿಸಿದ್ದರಂತೆ. ಕಡವೆ ಹೊಡೆಯುವುದಕ್ಕೆ ಈಗ ಅನುಮತಿಯಿಲ್ಲವಲ್ಲ ಎಂದು ನಾನು ತೊದಲಿದರೆ, ಕೋವಿಗೆ ಅಷ್ಟೆಲ್ಲ ಓದು ಬರಹ ಬಾರದೆಂದು ನಕ್ಕರು. ಒಳ್ಳೆಯ ಮನುಷ್ಯ. ನನಗಾಗಿ ಬೇರೆ ಒಲೆಯಲ್ಲಿ ಸಾಂಬಾರು ಮಾಡಿಸುತ್ತೇನೆಂದೂ ಹೇಳಿದರು.

ಅಂದು ನನಗೆ ಅನ್ನ ಇಳಿಯಲಿಲ್ಲ. ನೀವೇ ಯೋಚಿಸಿ ನೋಡಿ, ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ ಎನ್ನುತ್ತೇವೆ, ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತೇವೆ. ಕನ್ನಡದ ಗಾದೆಗಳೆಲ್ಲ ತಿಂದವನ ಕೊರಳಿಗೇ ಬಿದ್ದಿವೆ, ಇಟ್ಟವನು ಹೇಗಿರಬೇಕೆಂದು ಕೇಳಿದ ಗಾದೆ ನನಗಂತೂ ಗೊತ್ತಿಲ್ಲ. ಬಹುಶಃ ಗಾದೆ ಕಟ್ಟಿದವರೆಲ್ಲ ಬಡಿಸುವ ಕಡೆಯವರೇ. ಹೀಗೆ ಯೋಚಿಸುತ್ತಿದ್ದವನಿಗೆ ಲೋಕವೆಲ್ಲ ಉಪ್ಪಿಟ್ಟ ದಿಮ್ಮಿಗಳಾಗಿ ಕಾಣತೊಡಗಿತು. ನಮ್ಮ ಕಚೇರಿಯಲ್ಲಿ ಒಂದು ಶುಕ್ರವಾರ ಎಲ್ಲರಿಗೂ ಪುಕ್ಕಟೆ ನಾಸಿ ಲೆಮಾಕ್ ಹಂಚಿದರು. ತೆಂಗಿನಹಾಲಿನ ಆ ಅನ್ನವನ್ನು ನಾವು ಕಣ್ಣುಮುಚ್ಚಿ ಸವಿಯುತ್ತಿದ್ದಾಗ ಮೇಲಿನ ಗಾಜಿನ ಕೋಣೆಯಿಂದ ನಮ್ಮನ್ನು ನೋಡುತ್ತಿದ್ದ ಸಾಹೇಬರು ಸೋಮವಾರ ಹನ್ನೊಂದು ಜನರನ್ನು ಮನೆಗೆ ಕಳಿಸಿದರು. ಅಷ್ಟೇಕೆ, ಹದಿನೆಂಟು ವರ್ಷಗಳ ಹಿಂದೆ ನಾನು ಹೆಣ್ಣು ನೋಡಲು ಹೋದಾಗ ಇದೇ ಅತ್ತೆಯವರು ಕೇಸರಿಬಾತು, ಹೀರೇಕಾಯಿ ಬಜ್ಜಿಗಳನ್ನು ಮುಂದಿಟ್ಟು ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತಿರಲಿಲ್ಲವೇ? ನಾನು ಎರಡನೆಯ ಸಲ ಬಜ್ಜಿಗೆ ಕೈ ಚಾಚಿದೆ, ಅಲ್ಲಿಗೆ ಮುಗಿಯಿತು.

ಆದರೆ ನನ್ನ ಉಪ್ಪು ತಿಂದವಳು ಸಾಯಬಾರದು. ಇದಕ್ಕೆ ತರ್ಕವೇನೂ ಇಲ್ಲ. ಅಲೋಶಿಗೆ ಹೇಳಿದರೆ ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸತೊಡಗಿದ. “ಉಪ್ಪು ನಿನ್ನದು, ಕೋವಿ ಸೇಗರಂದು, ಕಾಡು ಸರ್ಕಾರದ್ದು. ನನ್ನದು ಎಂತ ಉಂಟು ಮಾರಾಯಾ, ಬರೀ ಕಾಯುವುದು,” ಎಂದ. ಆಮೇಲೆ, ಶನಿವಾರ ಬೆಳಿಗ್ಗೆ ಕಾರು ತರುತ್ತೇನೆಂದ.

ಸೇಗರ್ ಮಸಾಲೆ ತರಲು ಪೇಟೆಗೆ ಹೋಗಿದ್ದರು. ಬಡಿಸಿದ್ದನ್ನು ಬಾಚಿಕೊಳ್ಳಲು ನಾವಿಬ್ಬರೂ ಗುದ್ದಲಿ, ಅಕ್ಕಿ ಚೀಲಗಳೊಂದಿಗೆ ಹಳ್ಳದ ಬಳಿ ಇಳಿದೆವು. ಇಟ್ಟಿಗೆ ಮುಷ್ಟಿಯಷ್ಟು ಉಳಿದಿತ್ತು, ಅದನ್ನು ಜೇಬಿಗೆ ಹಾಕಿಕೊಂಡೆ. ಮಿಕ್ಕ ಉಪ್ಪೆಲ್ಲ ಮಣ್ಣಿಗಿಳಿದಿತ್ತು. ಒಂದು ಚೀಲ ಮಣ್ಣು ಅಗೆದು ನೀರಿಗೆ ಸುರಿದೆವು, ಎರಡಾಯಿತು, ಆರಾಯಿತು, ನಾಲಿಗೆಗೆ ಹಚ್ಚಿ ನೋಡಿದರೆ ಇನ್ನೂ ಉಪ್ಪು. ಇಬ್ಬರು ಮಧ್ಯವಯಸ್ಕ ಗಂಡಸರು ಪಹಾಂಗಿನ ಕಾಡಂಚಿನಲ್ಲಿ ಮಂಡಿಯೂರಿ ನೆಲ ನೆಕ್ಕುತ್ತಿದ್ದ ಆ ದೃಶ್ಯ ಕ್ಯಾಮೆರಾದಲ್ಲಿ ದಾಖಲಾಗಿದೆ, ಪುಚೊಂಗಿನಲ್ಲಿ ನನ್ನ ಹೆಂಡತಿ, ಮಗಳು, ಅತ್ತೆ ಮೂವರೂ ಅದನ್ನು ಆ ಕ್ಷಣವೇ ನೋಡಿದರು.

ತಲೆಯೆತ್ತಿದರೆ ಹತ್ತು ಮಾರು ದೂರದಲ್ಲಿ ಅವಳು. ಸಂಜೆ ಬರುವವಳು ಮೋಡದ ಬೆಳಗನ್ನು ನಂಬಿ ಬಂದಿದ್ದಳು. ಬಂದ ಮೊದಲ ಸಂಜೆಯಿಂದಲೂ ಈ ಜಾಗದಲ್ಲಿ ಕೆಡುಕನ್ನು ಕಾಣದ ಅವಳಿಗೆ ನಾವಿಬ್ಬರೂ ಅದೇ ಪಂಕ್ತಿಗೆ ಕೂತ ನೆಂಟರಂತೆ ಕಂಡಿರಬೇಕು. ಓಡಲಿಲ್ಲ. ಮಣ್ಣು ತೆಗೆದು ಪ್ರಯೋಜನವಿಲ್ಲ, ತೆಗೆಯಬೇಕಾದದ್ದು ಈ ನಂಬಿಕೆಯನ್ನು ಎಂದು ನನಗೆ ಆಗ ಹೊಳೆಯಿತು. ಎಲೆಯ ಮುಂದೆ ಕೂತವರನ್ನು ಎಬ್ಬಿಸುವುದಕ್ಕಿಂತ ದೊಡ್ಡ ಪಾಪವಿಲ್ಲ ಎಂದು ಕಲಿತು ಬೆಳೆದವನು ನಾನು. ಕೈಗೆ ಸಿಕ್ಕ ಹೆಂಟೆಯನ್ನು ಎತ್ತಿ ಅವಳತ್ತ ಎಸೆದೆ. ಅದು ಅವಳ ಮುಂಗಾಲ ಬಳಿ ಬಿತ್ತು. ಅವಳು ಬಾಗಿ ಮೂಸಿದಳು, ನೆಕ್ಕಿದಳು, ಆಮೇಲೆ ತಿಂದಳು. ಇನ್ನೊಂದು ಎಸೆದೆ, ಅದನ್ನೂ ತಿಂದಳು. ಮೈಸೂರಿನ ಕ್ರಿಕೆಟ್ ಮೈದಾನದಲ್ಲಿ ಕಲಿತು ಹೆಂಡತಿಗೂ ಗೊತ್ತಾಗದಂತೆ ಕಾಪಾಡಿಕೊಂಡಿದ್ದ ಬೈಗುಳಗಳನ್ನೆಲ್ಲ ಬಳಸಿದೆ, ಅವಳು ಹರಿದ ಕಿವಿಯನ್ನು ನನ್ನತ್ತ ತಿರುಗಿಸಿ ಕೇಳಿಸಿಕೊಂಡಳು. “ಹೋಗೇ, ಮನೆಗೆ ಹೋಗು,” ಎಂದು ಕಿರುಚುವ ಹೊತ್ತಿಗೆ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಕೊನೆಗೆ ಅಲೋಶಿ ನಮ್ಮ ತಿಂಡಿಯ ಸ್ಟೀಲ್ ಡಬ್ಬಿಯನ್ನು ಗುದ್ದಲಿಯಿಂದ ಬಡಿಯುತ್ತ ನೇರ ಅವಳ ಮೇಲೇರಿ ಹೋದ. ಜಿರಲೆಗೆ ಹೆದರುವ ಆ ಮನುಷ್ಯ ತನ್ನ ಜೀವಮಾನದ ಬೇಟೆಯಲ್ಲಿ ಮಾಡಿದ ಏಕೈಕ ಪರಾಕ್ರಮ ಅದು. ಅವಳು ಒಮ್ಮೆ ನನ್ನನ್ನು ನೋಡಿ, ತಿರುಗಿ, ಕಾಡಿಗೆ ಬಿದ್ದು ಓಡಿದಳು.

ಸೇಗರ್ ಅಂದು ಸಂಜೆ ಅಟ್ಟಣೆಯಲ್ಲಿ ಸೊಳ್ಳೆಗಳಿಗೆ ಊಟ ಹಾಕಿ ಬರಿಗೈಲಿ ಇಳಿದರು. ನಾವು ಮಾಡಿದ್ದನ್ನು ಹೇಳುವ ಧೈರ್ಯ ನನಗೆ ಈಗಲೂ ಬಂದಿಲ್ಲ. ಅವರ ಮನೆಯ ಸಾಂಬಾರು ತಿನ್ನುವಾಗ ಉಪ್ಪಿನ ರುಚಿ ಮಾತ್ರ ವಿಪರೀತವಾಗಿ ತಿಳಿಯುತ್ತಿತ್ತು.

ಮನೆಗೆ ಬಂದಾಗ ಅನಘಾ ಬಾಗಿಲಲ್ಲೇ ಕಾಯುತ್ತಿದ್ದಳು. ಕ್ಯಾಮೆರಾದಲ್ಲಿ ಎಲ್ಲವನ್ನೂ ನೋಡಿದ್ದರೂ ಮತ್ತೆ ಕೇಳಿದಳು, ಈ ಸಲ ಕನ್ನಡದಲ್ಲಿ. “ಆಂಟಿ ಇನ್ನು ಬರಲ್ವಾ ಅಪ್ಪಾ?”

“ಇಲ್ಲ ಪುಟ್ಟಾ. ಅರ್ಧ ಊಟದಲ್ಲಿ ಎಬ್ಬಿಸಿ ಕಳಿಸಿಬಿಟ್ಟೆ.”

ಅವಳು ಇನ್ನೂ ಮಣ್ಣಿನ ವಾಸನೆ ಬಿಡದ ನನ್ನ ತೋಳಿಗೆ ಒರಗಿ ನಿಂತಳು.

ಜೇಬಿನ ಕಲ್ಲನ್ನು ಅತ್ತೆಯವರ ಮುಂದಿಟ್ಟೆ. ಜೇನಿಗೂ ಕರುವಿಗೂ ಎಂಜಲಿನ ದೋಷವಿಲ್ಲ, ಕಡವೆಯನ್ನು ಕರುವಿನ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು ಎಂದು ಅವರು ಅಪ್ಪಣೆ ಕೊಡಿಸಿ, ಅದನ್ನು ತೊಳೆಯದೆ ಜಾಡಿಯ ಪಕ್ಕ ಇಟ್ಟರು. ಅಂದಿನಿಂದ ಅದು ಅಲ್ಲೇ ಇದೆ. ಊಟಕ್ಕೆ ಕೂತಾಗ ತಟ್ಟೆಯ ಎಡಕ್ಕೆ ಸುಮಾ ಉಪ್ಪು ಬಡಿಸುತ್ತಾಳೆ. ಮೊದಲಿನಂತೆ ತಲೆ ತಗ್ಗಿಸಿ ಕಲಸಿಕೊಳ್ಳಲು ನನಗೆ ಆಗುವುದಿಲ್ಲ, ಕತ್ತೆತ್ತಿ ಒಮ್ಮೆ ಬಡಿಸಿದವಳ ಮುಖವನ್ನು ನೋಡುತ್ತೇನೆ. ಹದಿನೆಂಟು ವರ್ಷಗಳ ಮೇಲೆ ಗಂಡನಿಗೆ ಪ್ರೀತಿ ಮರಳಿದೆಯೆಂದು ಅವಳು ಭಾವಿಸಿದ್ದಾಳೆ, ನಾಚಿಕೊಂಡು ಇನ್ನೊಂದು ಸೌಟು ಹುಳಿ ಹಾಕುತ್ತಾಳೆ. ನಾನು ತಿನ್ನುತ್ತೇನೆ.