ಆಟದ ದೋಣಿಗೆ ಗೇರುಸಿಪ್ಪೆ ಎಣ್ಣೆ

ಫ್ರೆಂಡ್ಸ್, ಹಲ್ಲು ಬರ್ತಿರೋ ಮಗಳು ಕಚ್ಚಲಿ ಅಂತ, ಬಣ್ಣ, ಪಾಲಿಶ್ ಯಾವುದೂ ಇಲ್ಲದ ಪುಟ್ಟ ಮರದ ದೋಣಿ ತರಿಸಿದ್ದೆ. ಇವತ್ತು ಬೆಳಿಗ್ಗೆ ನೋಡಿದ್ರೆ ಅದು ಕಪ್ಪಗೆ ಮಿಂಚ್ತಿದೆ! ಬಾಡ ಊರಿನ ಕಡಲಲ್ಲಿ ನಲವತ್ತು ವರ್ಷ ದೋಣಿ ನಡೆಸಿದ ನಮ್ಮ ಮಾವ ಇದಕ್ಕೂ ತಮ್ಮ ದೋಣಿಗೆ ಹಚ್ಚೋ ಗೇರುಸಿಪ್ಪೆ ಎಣ್ಣೆ ಬಳಿದು, ಮೊಮ್ಮಗಳ ಕೈಗೆ ಕೊಡಲು ಹೊರಟಿದ್ರು. ಚರ್ಮಕ್ಕೆ ತಾಗಿದ್ರೆ ಗುಳ್ಳೆ ಏಳುವ ಎಣ್ಣೆ! ಓಡಿ ಕಸ್ಕೊಂಡೆ.

"ಇದೆಂತ ಮಾಡಿದ್ರಿ ಮಾವ?"

"ಬರೀ ಮರ ಕೊಟ್ಟು ನಿಂಗೆ ಮೋಸ ಮಾಡಿದಾರೆ. ಎಣ್ಣೆ ಕುಡಿಸದಿದ್ರೆ ಹುಳ ಹೊಡೀತದೆ. ಇನ್ನು ಹತ್ತು ವರ್ಷ ಎಂತದೂ ಆಗೂದಿಲ್ಲ."

"ದೋಣಿಗೆ ಆಗೂದಿಲ್ಲ. ಮಗುವಿಗೆ?"

"ಬಿಸಿಲಲ್ಲಿ ಒಣಗಿಸಿದ್ದೆ ಅಲ್ದಾ!"

ಎಣ್ಣೆ ಡಬ್ಬಿ ಬಚ್ಚಿಟ್ಟು ಕಾವಲು ಕೂತಿದ್ದೇನೆ. ತೊಟ್ಟಿಲೂ ಮರದ್ದೇ.