ಕುಟ್ಟಾಣಿಗೆ ಬಿದ್ದ ಮಾತ್ರೆ

ಗೆಳೆಯರೇ, ಬೆಳಿಗ್ಗೆ ಕಂಡದ್ದನ್ನು ನಿಮಗೆ ಹೇಳಲೇಬೇಕು. ಮಂಡ್ಯದಿಂದ ಅಮೆರಿಕದ ನೆವಾರ್ಕಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿರುವ ಅಮ್ಮ, ಮಂಡಿನೋವಿನ ಮಾತ್ರೆಯನ್ನು ಎಲೆಅಡಿಕೆ ಕುಟ್ಟಾಣಿಯಲ್ಲಿ ಪುಡಿ ಮಾಡಿ ಜೇನುತುಪ್ಪಕ್ಕೆ ಕಲಸುತ್ತಿದ್ದರು. ಇಡೀ ದಿನ ನಿಧಾನವಾಗಿ ಕರಗಬೇಕಾದ ಮಾತ್ರೆ ಅದು.

“ಅಮ್ಮ, ಅದನ್ನ ಕುಟ್ಟಬಾರ್ದು. ದಿನದ ಔಷಧಿಯೆಲ್ಲ ಒಂದೇ ಸಲಕ್ಕೆ ಇಳಿದ್ರೆ ಹೊಟ್ಟೇಲಿ ರಕ್ತ ಬರಬಹುದು.”

“ವಾರದಿಂದ ಹಿಂಗೇ ತಗತಾ ಇವ್ನಿ ಕಣಪ್ಪ. ಚಿಕ್ಕೋನಿದ್ದಾಗ ನಿಂಗೂ ಹಿಂಗೇ ಕೊಡ್ತಿದ್ದೆ. ಹೊಟ್ಟೆ ಒಸಿ ಉರೀತದೆ, ಅಷ್ಟೇಯ.”

ತಕ್ಷಣ ಡಾಕ್ಟರ ಬಳಿಗೆ ಓಡಿದೆವು. ಪುಣ್ಯಕ್ಕೆ ರಕ್ತಸ್ರಾವವಾಗಿರಲಿಲ್ಲ, ಮಾತ್ರೆ ನಿಲ್ಲಿಸಿದರು.

‘ಪುಡಿ ಮಾಡಬೇಡಿ’ ಎಂದು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಬರೆದೇ ಇತ್ತು. ಅಮ್ಮನಿಗೆ ಇಂಗ್ಲಿಷ್ ಬಾರದು. ನಾನೋ, ಹಳೆಯ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಸಾಲುಸಾಲಾಗಿ ಓದಿ, 2000ನೇ ಇಸವಿ ಬಂದೊಡನೆ ದಿನಾಂಕ ಕೆಡಿಸುವ ವೈಟುಕೆ ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುವವನು.