ಹಲ್ಲಿ ಪೈಲ್ವಾನನ ಬೆನ್ನು

ಮತ್ತೋಡಿನ ಚಿತ್ರಲಿಂಗಪ್ಪ ಹದಿನೆಂಟು ವರ್ಷ ಕುಸ್ತಿ ಆಡಿದ. ಒಂದು ಸಲವೂ ಗೆಲ್ಲಲಿಲ್ಲ. ಒಂದು ಸಲವೂ ಸೋಲಲಿಲ್ಲ. ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸಬೇಕು, ನಮ್ಮ ಬೆನ್ನು ತಾಗಬಾರದು, ನಾಡಕುಸ್ತಿ ಎಂದರೆ ಇಷ್ಟೇ. ಚಿತ್ರಲಿಂಗಪ್ಪ ಇದರಲ್ಲಿ ಎರಡನೆಯದನ್ನು ಮಾತ್ರ ಕಲಿತಿದ್ದ. ಕೈ ಕೊಟ್ಟ ಎರಡೇ ನಿಮಿಷಕ್ಕೆ ಬೋರಲು ಬಿದ್ದು, ಕೈಕಾಲು ಅಗಲಿಸಿ ಅಖಾಡವನ್ನು ತಬ್ಬಿಕೊಳ್ಳುತ್ತಿದ್ದ. ಆಮೇಲೆ ಎದುರಾಳಿ ಎಳೆಯಲಿ, ತಿರುವಲಿ, ಕತ್ತಿನ ಮೇಲೆ ಕೂರಲಿ, ಆಸಾಮಿ ಅಂಗಾತ ಆಗುತ್ತಿರಲಿಲ್ಲ. ಜನ ಕಡಲೆಕಾಯಿ ಸಿಪ್ಪೆ ಎಸೆದು "ಎದ್ದೇಳಲೇ ಹಲ್ಲಿ!" ಎಂದು ಕೂಗುತ್ತಿದ್ದರು. ಕೊನೆಗೆ ಪಂಚರು ಬೇಸತ್ತು ಇಬ್ಬರ ಕೈಯನ್ನೂ ಎತ್ತಿ ಸಮ ಎಂದುಬಿಡುತ್ತಿದ್ದರು.

ಕುಸ್ತಿ ಬಿಟ್ಟ ಮೇಲೂ ಅವನು ಬೋರಲೇ ಮಲಗುತ್ತಿದ್ದ. ಬೆನ್ನು ನೆಲಕ್ಕೆ ತಾಗಿದ್ದನ್ನು ಯಾರಾದರೂ ನೋಡಿಬಿಟ್ಟರೆ!

ಇಂಥವನಿಗೆ ಅರವತ್ತೊಂದನೇ ವಯಸ್ಸಿನಲ್ಲಿ ಒಂದು ಆಸೆ ಹುಟ್ಟಿತು. ಶ್ರೀರಾಂಪುರದ ಗರಡಿಮನೆಗೆ ಹೊಸದಾಗಿ ಸುಣ್ಣ ಬಳಿದು, ಗೋಡೆ ಮೇಲೆ ದೊಡ್ಡ ಪೈಲ್ವಾನರ ಹೆಸರು ಬರೆಸುತ್ತಿದ್ದರು. ಅಲ್ಲಿ ತನ್ನ ಹೆಸರೂ ಇರಬೇಕು. ಈ ಚಿಂತೆಯಲ್ಲಿ ಅವನ ಊಟ ನಾಲ್ಕು ಮುದ್ದೆಯಿಂದ ಎರಡಕ್ಕೆ ಇಳಿಯಿತು. ಹೆಂಡತಿ ಜಯಕ್ಕನಿಗೆ ಗಾಬರಿಯೇ ಆಯಿತು.

ಕೊನೆಗೆ ಗರಡಿಗೇ ಹೋದವನನ್ನು ಕಾರ್ಯದರ್ಶಿ ಗುರುರಾಜ್ ಕೇಳಿದ: "ಗೆದ್ದೋರ ಹೆಸರು ಮಾತ್ರ ಬರೀತಿದೀವಿ. ನಿಮ್ದು ಒಂದು ಕಪ್ಪಾದ್ರೂ ಐತಾ?"

"ಆ ಗೋಡೆ ಮ್ಯಾಲಿರೋರಾಗೆ ನನ್ನ ಬೆನ್ನಿಗೆ ಮಣ್ಣು ಹಚ್ಚಿದೋನು ಒಬ್ಬನಿದ್ರೆ ತೋರಿಸ್ರಿ."

ಉತ್ತರ ಹೊಳೆಯದ ಕಾರ್ಯದರ್ಶಿಗಳೆಲ್ಲ ಮಾಡುವಂತೆ ಗುರುರಾಜನೂ ಈ ಪ್ರಶ್ನೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿದ. ಗೋಡೆಯ ಮೊದಲ ಹೆಸರು ಹೊಸದುರ್ಗದ ರೇವಣಸಿದ್ದಪ್ಪನದು, ದುರ್ಗದ ಜಿಲ್ಲಾ ಕುಸ್ತಿಯಲ್ಲಿ ಬೆಳ್ಳಿ ಗದೆ ಗೆದ್ದವನು. ಅವನು ಹೂಂ ಎಂದರೆ ಬರೆಯುವುದು, ಇಲ್ಲದಿದ್ದರೆ ಇಲ್ಲ. ಗುರುರಾಜ್, ಚಿತ್ರಲಿಂಗಪ್ಪ ಇಬ್ಬರೂ ಹೊಸದುರ್ಗಕ್ಕೆ ಬೈಕ್ ಹತ್ತಿದರು.

ರೇವಣಸಿದ್ದಪ್ಪ ಗದೆಯನ್ನು ಗಾಜಿನ ಬೀರುವಿನಲ್ಲಿಟ್ಟು ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದ. ಮಂಡಿ ಹೋಗಿತ್ತು, ಬಾಯಿ ಹೋಗಿರಲಿಲ್ಲ.

"ಇವನಾ? ಇವನನ್ನ ಪೈಲ್ವಾನ್ ಅಂತ ಯಾರಂದ್ರು? ಇಪ್ಪತ್ತೆರಡು ನಿಮಿಷ ಇವನ ಮ್ಯಾಲೆ ಒದ್ದಾಡಿದೀನಿ. ಮನುಷ್ಯರ ಜೊತೆ ಕುಸ್ತಿ ಆಡಬೌದು, ಬಂಡೆ ಜೊತೆ ಏನಾಡದು?"

ಚಿತ್ರಲಿಂಗಪ್ಪನಿಗೆ ಬಂದಿದ್ದೇ ತಪ್ಪಾಯಿತು ಅನ್ನಿಸಿತು.

"ಹಂಗಾರೆ ಹೆಸರು ಬ್ಯಾಡ ಅಂತೀರಾ?" ಎಂದ ಗುರುರಾಜ್.

ರೇವಣಸಿದ್ದಪ್ಪ ಬೀರುವಿನ ಕಡೆ ನೋಡಿದ. ದನಿ ಸ್ವಲ್ಪ ತಗ್ಗಿತು.

"ಈ ಗದೆ ಯಾರನ್ನ ಕೆಡವಿ ತಗಂಡೆ ಅಂತ ಕೇಳು. ಹೊಳಲ್ಕೆರೆಯೋನೋ, ಹಿರಿಯೂರೋನೋ, ಮುಖಾನೇ ನೆನಪಿಲ್ಲ. ಇವನ ಬೆನ್ನು ಇನ್ನೂ ಕಣ್ಣ ಮುಂದೈತೆ. ಎಡಗಡೆ ಭುಜದ ಕೆಳಗೆ ಒಂದು ಮಚ್ಚೆ ಐತೆ, ಕಡಲೆಬೀಜದಷ್ಟು. ಅಂಗಿ ತೆಗೆಸಿ ನೋಡು."

ತೆಗೆಸಿ ನೋಡಿದರು. ಇತ್ತು.

ಅಂಥದ್ದೊಂದು ಮಚ್ಚೆ ಇರುವುದು ಚಿತ್ರಲಿಂಗಪ್ಪನಿಗೇ ಗೊತ್ತಿರಲಿಲ್ಲ. ಅಂಗಿ ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟ.

"ಅಳಬ್ಯಾಡ ಮಾರಾಯ. ಲೇ ಗುರುರಾಜ, ಇವನ ಹೆಸರು ಬರಿ. ನನ್ನ ಕೆಳಗೆ ಬ್ಯಾಡ, ಪಕ್ಕದಾಗೆ ಬರಿ. ನಮ್ಮಿಬ್ರ ಕುಸ್ತಿ ಇನ್ನೂ ಮುಗಿದಿಲ್ಲ."

ಮಧ್ಯಾಹ್ನ ಮನೆಗೆ ಬಂದವನು ಜಯಕ್ಕನಿಗೆ ಹೇಳಿದ: "ನನ್ನ ಬೆನ್ನಾಗೆ ಒಂದು ಮಚ್ಚೆ ಐತಂತೆ, ಗೊತ್ತೇನೇ?"

"ಮೂವತ್ತೈದು ವರ್ಷದಿಂದ ಆ ಬೆನ್ನು ತಿಕ್ತಾ ಇರೋಳು ನಾನು. ಒಂದಲ್ಲ, ಎರಡವೆ. ಇನ್ನೊಂದು ಲಂಗೋಟಿ ಒಳಗೈತೆ."

ಚಿತ್ರಲಿಂಗಪ್ಪ ಯೋಚಿಸಿದ. ಅದು ರೇವಣಸಿದ್ದಪ್ಪನಿಗೆ ಕಂಡಿಲ್ಲ. ಇಪ್ಪತ್ತೆರಡು ನಿಮಿಷ ಒದ್ದಾಡಿದರೂ ಕಂಡಿಲ್ಲ.

"ಹಂಗಾರೆ ಒಂದು ಗೆದ್ದಂಗಾತು ಬಿಡು," ಎಂದ.

ನಾಲ್ಕು ಮುದ್ದೆ ಉಂಡ. ಆಮೇಲೆ ಬೀದಿಗೆಲ್ಲ ಕಾಣುವ ಹಾಗೆ ಜಗಲಿ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆದ.